ಮೂರು ಗಾಲಿಯ ಲೆಕ್ಕ

ಏರುಪೇರಿನ ನೆಲದ ಮೇಲೆ ಓಡಾಡುವ ಗಾಡಿಗೆ ಎಷ್ಟು ಗಾಲಿ ಇರಬೇಕು? ಎರಡೋ, ಮೂರೋ, ನಾಲ್ಕೋ? ಕೇಳಿದರೆ ಹುಡುಗಾಟದ ಪ್ರಶ್ನೆ ಅನಿಸಬಹುದು. ಆದರೆ ಎರಡು ತಿಂಗಳಿಂದ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಇದೇ ಮಾತು, ಫೋನು ಎತ್ತಿದರೂ ಇದೇ ಮಾತು. ಉತ್ತರ ಹುಡುಕುತ್ತಾ ಹೋದವನು ನೂರೈವತ್ತು ವರ್ಷ ಹಿಂದಕ್ಕೆ ಹೋಗಿಬಿಟ್ಟೆ. ದಾರಿಯಲ್ಲಿ ಸಿಕ್ಕಿದ್ದನ್ನೆಲ್ಲ ನಿಮ್ಮ ಮುಂದೆ ಇಡೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗಿದೆ, ಒಂದು ಕಪ್ ಚಹಾ ಮಾಡಿಕೊಂಡು ಕೂತುಕೊಳ್ಳಿ.

ಮೊದಲು ವಿಷಯ ಹೇಳಿಬಿಡುತ್ತೇನೆ. ನನ್ನ ತಂಗಿಯ ಮಗಳಿಗೆ ಈಗ ಏಳು ವರ್ಷ. ಹುಟ್ಟಿದಾಗಿನಿಂದ ಸೆರೆಬ್ರಲ್ ಪಾಲ್ಸಿ. ಬಾಯಿ ಜೋರು, ಲೆಕ್ಕ ಚುರುಕು, ಕಾಲು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಊರು ನವಲಗುಂದ ತಾಲೂಕಿನ ಒಂದು ಹಳ್ಳಿ. ಮನೆಯಿಂದ ಸಾಲಿಗೆ ಮುಕ್ಕಾಲು ಕಿಲೋಮೀಟರ್. ಇಷ್ಟು ದಿನ ತಂಗಿ ಬಗಲಲ್ಲಿ ಎತ್ತಿಕೊಂಡೇ ಒಯ್ದಳು, ಎತ್ತಿಕೊಂಡೇ ತಂದಳು. ಈಗ ಹುಡುಗಿ 17 ಕಿಲೊ. "ಅಣ್ಣಾ, ನನ್ನ ಟೊಂಕ ಇನ್ನೊಂದ ವರ್ಷ ತಡದೀತು. ಆಮ್ಯಾಲ ಈಕಿ ಸಾಲಿ ಬಿಡಬೇಕಾಗತೈತಿ ನೋಡು" ಅಂದಳು. ಅಳುತ್ತಾ ಹೇಳಿದ್ದರೆ ಏನಾದರೂ ಸಮಾಧಾನ ಹೇಳಬಹುದಿತ್ತು. ರೊಟ್ಟಿ ಬಡಿಯುತ್ತಾ, ನಾಳೆ ಮಳೆ ಬಂದೀತು ಅನ್ನುವ ಹಾಗೆ ಹೇಳಿದಳು.

ಒಂದು ಶಿಬಿರದಲ್ಲಿ ಕೊಟ್ಟ ನಾಲ್ಕು ಗಾಲಿಯ ಕುರ್ಚಿ ಮನೆಯಲ್ಲಿದೆ. ಆಸ್ಪತ್ರೆಯ ನುಣುಪು ನೆಲಕ್ಕೆ ಹೇಳಿ ಮಾಡಿಸಿದ್ದು. ಮುಂದಿನ ಎರಡು ಗಾಲಿ ಅಂಗೈಯಷ್ಟು. ಅಂಗಳ ದಾಟುವುದರೊಳಗೆ ಅವು ಮಣ್ಣಿನಲ್ಲಿ ಹೂತು ನಿಲ್ಲುತ್ತವೆ. ಸದ್ಯ ಅದರ ಮೇಲೆ ಒಣಗಿದ ಬಟ್ಟೆ ಕೂತಿರುತ್ತವೆ. ಹಾಗಾಗಿ ಹೊಸದೊಂದು ಗಾಡಿ ತರಬೇಕು, ಹಿಂದಿನಿಂದ ದೂಡುವಂಥದ್ದು. ಮೂರು ಗಾಲಿಯದು ತರೋಣ ಅಂತ ನಾನು, ಮೂರು ಗಾಲಿ ಅಂದರೆ ಮಗುಚಿ ಬೀಳುತ್ತದೆ ಅಂತ ನಮ್ಮ ಮಾವ. (ಮಾವನಿಗೆ ಆಟೋ ಕಂಡರೂ ಆಗದು, ಅದು ಬೇರೆ ಕಥೆ.)

ಇನ್ನು ನೆಲದ ವಿಷಯ. ಧಾರವಾಡ ಜಿಲ್ಲೆಯದು ಒಂದೇ ನೆಲ ಅಲ್ಲ. ಪಶ್ಚಿಮಕ್ಕೆ ಕಲಘಟಗಿ ಕಡೆ ಅರೆಮಲೆನಾಡು. ಕೆಂಪು ಮಣ್ಣು, ಕಾಡು, ಭತ್ತದ ಗದ್ದೆ. ಪೂರ್ವಕ್ಕೆ ಕುಂದಗೋಳ, ಅಣ್ಣಿಗೇರಿ, ನವಲಗುಂದ ಅಂದರೆ ಎರೆ ಭೂಮಿ. ನಮ್ಮ ಕಡೆಯವರಿಗೆ ಎರೆ ಏನು ಅಂತ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮಳೆಗಾಲದಲ್ಲಿ ಹೊಲಕ್ಕೆ ಇಳಿದು ಹತ್ತು ಹೆಜ್ಜೆ ಇಟ್ಟರೆ ಒಂದೊಂದು ಕಾಲಿಗೆ ಎರಡೆರಡು ಕಿಲೊ ಮಣ್ಣು. ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಬೆಣ್ಣಿಹಳ್ಳ ಉಕ್ಕಿದರಂತೂ ದಾರಿಯೇ ಬಂದ್. ಗಾಲಿಗೂ ಇದೇ ಪಾಡು. ಸುತ್ತುತ್ತಾ ಸುತ್ತುತ್ತಾ ಮಣ್ಣನ್ನು ಮೈಗೆ ಅಂಟಿಸಿಕೊಂಡು ದಪ್ಪಗಾಗಿ ಕೊನೆಗೆ ಸುತ್ತುವುದನ್ನೇ ನಿಲ್ಲಿಸುತ್ತದೆ.

ಈ ನೆಲದಲ್ಲಿ ಬೆಳೆಯುವ ಹತ್ತಿಗೆ ಮಾತ್ರ ಜಗತ್ತಿನ ಮಾರುಕಟ್ಟೆ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಡಿ ರಸ್ತೆಗಳು ಆಗುವ ಮುಂಚೆ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ರೇವಿಗೆ ಹೋಗುತ್ತಿದ್ದುದು ಗಾಲಿಯ ಮೇಲೆ ಅಲ್ಲ, ಹೇರೆತ್ತುಗಳ ಬೆನ್ನ ಮೇಲೆ. ಬರುವಾಗ ಅದೇ ಬೆನ್ನ ಮೇಲೆ ಉಪ್ಪು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಒಳಯುದ್ಧ ನಡೆದು ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿಯ ಹತ್ತಿ ಬರುವುದು ನಿಂತಾಗ ನಮ್ಮ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಕಾರವಾರವನ್ನು ಹತ್ತಿಯ ಬಂದರು ಮಾಡುವ ಆಸೆಯೂ ಇತ್ತು. ಹುಬ್ಬಳ್ಳಿಯಿಂದ ಕಲಘಟಗಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವ ದಾರಿ ಇವತ್ತಿಗೂ ಲಾರಿಗಳಿಂದ ತುಂಬಿ ತುಳುಕುತ್ತದೆ. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಆ ದಶಕದಲ್ಲೇ ಹುಬ್ಬಳ್ಳಿ, ಅಣ್ಣಿಗೇರಿ, ಗದಗ ರೈಲಿನ ನಕ್ಷೆಗೆ ಬಂದವು.

ಯಾಕೆ ಇಷ್ಟೆಲ್ಲ ಹೇಳಿದೆ ಅಂದರೆ, ನಮ್ಮ ಕಡೆ ಗಾಲಿ ಮತ್ತು ರಸ್ತೆ ಎರಡೂ ಸುಧಾರಿಸಿದ್ದು ಸರಕಿನ ಸಲುವಾಗಿ. ಹತ್ತಿ ಪೇಟೆ ಮುಟ್ಟಬೇಕಿತ್ತು, ರಸ್ತೆ ಬಂತು. ನಮ್ಮ ಚಕ್ಕಡಿ ನೋಡಿ. ಎರಡೇ ಗಾಲಿ, ಆದರೆ ಸಣ್ಣ ಹುಡುಗನ ಎದೆಮಟ್ಟ ಬರುವಷ್ಟು ದೊಡ್ಡವು. ಬಡಿಗರಿಗೆ ಗೊತ್ತಿತ್ತು: ಗಾಲಿ ದೊಡ್ಡದಾದಷ್ಟೂ ತಗ್ಗಿಗೆ ಬೀಳುವುದು ಕಡಿಮೆ, ಕಲ್ಲು ಹತ್ತುವುದು ಸುಲಭ. ಎತ್ತಿನ ಹೆಗಲೇ ಮೂರನೆಯ ಆಸರೆ. ಹಾಗೆ ನೋಡಿದರೆ ಚಕ್ಕಡಿಯೂ ಮೂರು ಕಡೆ ನಿಂತ ಗಾಡಿಯೇ.

ಮಕ್ಕಳಿಗೆ? ಮಕ್ಕಳಿಗೆ ಗಾಲಿ ಇರಲಿಲ್ಲ, ಬಗಲಿತ್ತು. ಮನೆಯೊಳಗೆ ತೊಟ್ಟಿಲಿತ್ತು. ಕಲಘಟಗಿಯ ತೊಟ್ಟಿಲು ಕೇಳಿರುತ್ತೀರಿ. ಕಟ್ಟಿಗೆಯ ಮೇಲೆ ಅರಗಿನ ಬಣ್ಣ, ದೇವರ ಚಿತ್ರ, ತೊಲೆಗೆ ಸರಪಳಿ ಕಟ್ಟಿ ತೂಗುಹಾಕುವಂಥದ್ದು. ತಲೆಮಾರುಗಟ್ಟಲೆ ಬಾಳುತ್ತದೆ, ಬಾಣಂತನಕ್ಕೆ ಮನೆಯಿಂದ ಮನೆಗೆ ಎರವಲು ಹೋಗುತ್ತದೆ. ಅಷ್ಟು ಚೆಂದದ ತೊಟ್ಟಿಲು ಮಾಡಿದವರಿಗೆ ಅದರ ಕೆಳಗೆ ನಾಲ್ಕು ಗಾಲಿ ಹಚ್ಚುವುದು ಕಷ್ಟದ ಕೆಲಸವೇನೂ ಆಗಿರಲಿಲ್ಲ. ಹಚ್ಚಿ ದೂಡುವುದಾದರೂ ಎಲ್ಲಿಗೆ? ಹೊಸ್ತಿಲು ದಾಟಿದರೆ ಎರೆ.

ಆದರೆ ಮೂರು ಗಾಲಿ ನಮ್ಮ ಮಕ್ಕಳಿಗೆ ಪರಿಚಯವೇ ಇಲ್ಲ ಅಂತಲ್ಲ. ಕೂಸು ನಡೆಯಲು ಕಲಿಯುವಾಗ ಬಡಿಗರು ಮಾಡಿಕೊಡುವ ಕಟ್ಟಿಗೆಯ ಗಾಡಿ ನೆನಪಿದೆಯಾ? ಹಿಂದೆ ಎರಡು, ಮುಂದೆ ಒಂದು ಗಾಲಿ, ಹಿಡಿಯಲು ಒಂದು ಅಡ್ಡಕಟ್ಟಿಗೆ. ಜಾತ್ರೆಗಳಲ್ಲೂ ಸಿಗುತ್ತಿತ್ತು. ಇಂಗ್ಲೆಂಡಿನಲ್ಲಿ ದೊಡ್ಡವರು ಮಗುವನ್ನು ಗಾಡಿಯಲ್ಲಿ ಕೂರಿಸಿ ದೂಡಿದರೆ ನಮ್ಮಲ್ಲಿ ಕೂಸೇ ಗಾಡಿ ದೂಡುತ್ತಿತ್ತು. ಮೂರೇ ಗಾಲಿ ಯಾಕೆ ಅನ್ನುವುದಕ್ಕೆ ಉತ್ತರ ಅಡುಗೆಮನೆಯಲ್ಲೇ ಇದೆ. ಹೊಲದಲ್ಲಿ ಒಲೆ ಹೂಡುವಾಗ ಎಷ್ಟು ಕಲ್ಲು ಇಡುತ್ತೇವೆ? ಮೂರು. ನೆಲ ಎಷ್ಟೇ ಏರುಪೇರು ಇರಲಿ, ಮೂರು ಕಲ್ಲಿನ ಮೇಲೆ ಗಡಿಗೆ ಅಲುಗಾಡುವುದಿಲ್ಲ. ನಾಲ್ಕನೆಯ ಕಲ್ಲು ಇಟ್ಟು ನೋಡಿ, ಒಂದು ಕಲ್ಲಿಗೂ ಗಡಿಗೆಗೂ ನಡುವೆ ಸಂದು ಉಳಿದೇ ಉಳಿಯುತ್ತದೆ. ನಾಲ್ಕು ಕಾಲಿನ ಸ್ಟೂಲು ಗಡಗಡ ಅನ್ನುವುದೂ, ಮುಕ್ಕಾಲಿ ಅನ್ನದಿರುವುದೂ ಇದೇ ಕಾರಣಕ್ಕೆ. ಅಂಗಳದ ನೆಲದ ಮೇಲೆ ನಾಲ್ಕು ಗಾಲಿಯ ಗಟ್ಟಿ ಗಾಡಿ ಇಟ್ಟರೆ ಒಂದು ಗಾಲಿ ಗಾಳಿಯಲ್ಲಿ ಇರುತ್ತದೆ.

ಈಗ ಸಮುದ್ರದಾಚೆ ಒಂದು ಸುತ್ತು ಹೋಗಿಬರೋಣ. ಮಕ್ಕಳ ಗಾಡಿಯ ಕಥೆಯನ್ನು ಸಾಮಾನ್ಯವಾಗಿ 1733ರಿಂದ ಶುರುಮಾಡುತ್ತಾರೆ. ವಿಲಿಯಂ ಕೆಂಟ್ ಎಂಬ ವಾಸ್ತುಶಿಲ್ಪಿ ಇಂಗ್ಲೆಂಡಿನ ಡೆವನ್‌ಶೈರ್ ಡ್ಯೂಕನ ಮಕ್ಕಳಿಗೆ ಚಿಪ್ಪಿನ ಆಕಾರದ ಗಾಡಿ ಮಾಡಿಕೊಟ್ಟ, ಅದನ್ನು ಎಳೆಯುವುದಕ್ಕೆ ಆಡು ಅಥವಾ ಸಣ್ಣ ಕುದುರೆ. ಹಿಂದಿನಿಂದ ದೂಡುವ ಗಾಡಿ ಬಳಕೆಗೆ ಬಂದದ್ದು ಮುಂದಿನ ಶತಮಾನದಲ್ಲಿ. 1853ರಲ್ಲಿ ಲಂಡನ್ನಿನ ಚಾರ್ಲ್ಸ್ ಬರ್ಟನ್ ಪೇಟೆಂಟ್ ಪಡೆದ ಗಾಡಿಗೆ ಇದ್ದದ್ದು ಮೂರೇ ಗಾಲಿ! ಅಂದರೆ ಮೂರು ಗಾಲಿಯ ಸ್ಟ್ರೋಲರ್ ಈಗಿನ ಫ್ಯಾಷನ್ ಅಲ್ಲವೇ ಅಲ್ಲ, ಅದೇ ಹಳೆಯದು. ಆಮೇಲೆ ನಾಲ್ಕು ಗಾಲಿಯ ದೊಡ್ಡ ಪ್ರಾಮ್‌ಗಳು ಬಂದವು, ಊರಿನ ಬೀದಿಗಳು ನುಣುಪಾದವು. 1965ರಲ್ಲಿ ಓವನ್ ಮ್ಯಾಕ್ಲಾರೆನ್ ಎಂಬ ಇಂಜಿನಿಯರ್, ಯುದ್ಧವಿಮಾನದ ಗಾಲಿಗಳ ಕೆಲಸ ಮಾಡಿದವರು, ಮೊಮ್ಮಗುವಿನ ಸಲುವಾಗಿ ಅಲ್ಯೂಮಿನಿಯಂ ಕೊಳವೆಯ, ಛತ್ರಿಯಂತೆ ಮಡಚುವ ಹಗುರ ಗಾಡಿ ಮಾಡಿದರು. ನಮ್ಮ ನಗರಗಳ ಅಂಗಡಿಗಳಲ್ಲಿ ಸಿಗುವ ಹಗುರ ಗಾಡಿಗಳೆಲ್ಲ ಅದರ ಮರಿಮಕ್ಕಳು. ವಿಮಾನ ನಿಲ್ದಾಣಕ್ಕೆ ಬಹಳ ಚೆಂದ. ನವಲಗುಂದಕ್ಕೆ ಅಲ್ಲ.

ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಕಥೆ ಗಾಳಿ ತುಂಬಿದ ಟೈರಿನದು. ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಎಂಬ ದನದ ಡಾಕ್ಟರು ಇದ್ದರು. ಅವರ ಮಗನಿಗೆ ಮೂರು ಗಾಲಿಯ ಸೈಕಲ್ಲು. ಗಟ್ಟಿ ರಬ್ಬರಿನ ಗಾಲಿ, ಕಲ್ಲು ಹಾಸಿದ ಬೀದಿ, ಹುಡುಗನ ಮೈಯೆಲ್ಲ ಗಡಗಡ. 1887ರಲ್ಲಿ ಅಪ್ಪ ರಬ್ಬರಿನ ಕೊಳವೆಗೆ ಬಟ್ಟೆ ಸುತ್ತಿ, ಗಾಳಿ ತುಂಬಿ, ಗಾಲಿಗೆ ಕೂರಿಸಿದ. ಹಳೆಯ ಗಾಲಿ, ಹೊಸ ಗಾಲಿ ಎರಡನ್ನೂ ಅಂಗಳದಲ್ಲಿ ಉರುಳಿಸಿ ನೋಡಿದರೆ ಗಾಳಿ ತುಂಬಿದ್ದೇ ದೂರ ಹೋಯಿತು. 1888ರಲ್ಲಿ ಪೇಟೆಂಟ್ ಸಿಕ್ಕಿತು. ಆದರೆ ರಾಬರ್ಟ್ ವಿಲಿಯಂ ಥಾಮ್ಸನ್ ಎಂಬಾತ 1845ರಲ್ಲೇ ಇದೇ ವಿಚಾರಕ್ಕೆ ಪೇಟೆಂಟ್ ಪಡೆದಿದ್ದು ಬೆಳಕಿಗೆ ಬಂದು ಡನ್‌ಲಪ್ ಪೇಟೆಂಟ್ ಬಿದ್ದುಹೋಯಿತು. ಇರಲಿ. ಹೆಸರು ಮಾತ್ರ ಉಳಿಯಿತು.

ಆ ಟೈರು ಮುಂದೆ ಸೈಕಲ್ಲಿಗೆ, ಮೋಟಾರಿಗೆ ಹೋಯಿತು. 1936ರಲ್ಲಿ ಬಂಗಾಳದ ಸಾಹಾಗಂಜಿನಲ್ಲಿ ಡನ್‌ಲಪ್ ಕಾರ್ಖಾನೆ ಶುರುವಾಯಿತು, ಎತ್ತಿನ ಗಾಡಿಗೆ ಅಂತಲೇ ಟೈರುಗಳು ಬಂದವು. ಕಬ್ಬಿಣದ ಪಟ್ಟಿಯ ಗಾಲಿ ರಸ್ತೆಯನ್ನು ಕೊರೆದು ಹಾಕುತ್ತದೆ, ಎತ್ತಿಗೂ ಭಾರ ಅಂತ ಆಮೇಲೆ ದಶಕಗಳ ಕಾಲ ವಾದ ಮಾಡಿದವರು ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿ. ಮ್ಯಾನೇಜ್‌ಮೆಂಟ್ ಕಲಿಸುವ ಸಂಸ್ಥೆಯ ಮುಖ್ಯಸ್ಥರು ಎತ್ತಿನ ಗಾಡಿಯ ಬಗ್ಗೆ ತಲೆಕೆಡಿಸಿಕೊಂಡರು ಅಂತ ಆಗ ನಕ್ಕವರೂ ಇದ್ದಿರಬೇಕು. ಮಗುವಿನ ಮೈ ಗಡಗಡ ಅನ್ನಬಾರದು ಅಂತ ಅಪ್ಪನೊಬ್ಬ ಮಾಡಿದ ಟೈರು ಹೀಗೆ ಸುತ್ತಿ ಬಳಸಿ ಜೋಳದ ಚೀಲ ಹೊತ್ತು ನಮ್ಮ ಚಕ್ಕಡಿ ದಾರಿಗೂ ಬಂತು. ಮಗು ಮಾತ್ರ ಬಗಲಲ್ಲೇ ಉಳಿಯಿತು.

ಟೈರು ಮತ್ತೆ ಮಕ್ಕಳ ಕಡೆ ತಿರುಗಿದ್ದು 1984ರಲ್ಲಿ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಯಾಕಿಮಾ ಎಂಬ ಊರಿನಲ್ಲಿ ಫಿಲ್ ಬೇಷ್ಲರ್ ಎಂಬ ಪತ್ರಕರ್ತನಿಗೆ ಓಡುವ ಹವ್ಯಾಸ. ಎಳೆ ಮಗನನ್ನೂ ಜೊತೆಗೆ ಒಯ್ಯಬೇಕು. ಸ್ಟ್ರೋಲರಿಗೆ ಸೈಕಲ್ ಗಾಲಿ ಹಚ್ಚಿ ಮೂರು ಗಾಲಿಯ ಗಾಡಿ ಮಾಡಿಕೊಂಡ. ಕಲ್ಲು, ಹುಲ್ಲು, ಮರಳು ಎಲ್ಲದರ ಮೇಲೂ ಓಡಿತು. ಬೇಬಿ ಜಾಗರ್ ಅಂತ ಹೆಸರಿಟ್ಟು ಮಾರಿದ. ಇವತ್ತು 'ಆಲ್ ಟೆರೇನ್' ಅಂತ ಮಾರುವ ಮೂರು ಗಾಲಿಯ ಗಾಡಿಗಳ ಮೂಲ ಇದು.

ಆದರೆ ನನ್ನ ಸೊಸೆಗೆ ಇನ್ನೂ ಹತ್ತಿರವಾದ ಕಥೆ ಅಮೆರಿಕದ ಪಾರ್ಕಿನದಲ್ಲ, ಬಾಂಗ್ಲಾದೇಶದ ಹಳ್ಳಿಗಳದು. ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದುತ್ತಿದ್ದ ಡೇವಿಡ್ ಕಾನ್‌ಸ್ಟಂಟೈನ್ ಮತ್ತು ಸೈಮನ್ ಗೂ ಬಡದೇಶಗಳ ನೆಲಕ್ಕೆ ಒಗ್ಗುವ ಗಾಲಿಕುರ್ಚಿಯ ವಿನ್ಯಾಸ ಮಾಡಿದರು. ಡೇವಿಡ್ ಸ್ವತಃ ಗಾಲಿಕುರ್ಚಿಯಲ್ಲಿ ಇರುವವರು. 1991ರಲ್ಲಿ ಢಾಕಾದ ಹತ್ತಿರ ಮೊದಲ ಕಾರ್ಯಾಗಾರ ತೆರೆದರು, ಮೋಟಿವೇಷನ್ ಎಂಬ ಸಂಸ್ಥೆ ಹುಟ್ಟಿತು. ಒರಟು ನೆಲಕ್ಕೆ ಅಂತ ಅವರು ಮಾಡಿದ ಕುರ್ಚಿಗೂ ಮೂರೇ ಗಾಲಿ. ಹಿಂದೆ ಎರಡು ದೊಡ್ಡವು, ಮುಂದೆ ಚಾಚಿಕೊಂಡ ಒಂದು. ಇನ್ನೊಬ್ಬರು ಅಮೆರಿಕದ ರಾಲ್ಫ್ ಹಾಚ್‌ಕಿಸ್. 1966ರ ಮೋಟಾರ್ ಸೈಕಲ್ ಅಪಘಾತದ ನಂತರ ಅವರೂ ಗಾಲಿಕುರ್ಚಿಯಲ್ಲೇ. ಅವರ ರಫ್‌ರೈಡರ್ ಕುರ್ಚಿಗೆ ನಾಲ್ಕು ಗಾಲಿ. ಆದರೆ ಮುಂಗಾಲಿಗಳು ಅಗಲವಾದ ರಬ್ಬರಿನವು, ಮತ್ತು ಹಿಂಗಾಲಿಯಿಂದ ಬಹಳ ಮುಂದೆ ಇವೆ. ಅದೂ ಹಳ್ಳಿದಾರಿಯಲ್ಲಿ ಚೆನ್ನಾಗಿಯೇ ಓಡುತ್ತದೆ.

ಇಲ್ಲಿ ಬಂದು ನಿಂತಾಗ ನಮ್ಮ ಮನೆಯ ಜಗಳ ಅರ್ಧ ಕರಗಿತು. ಎಣಿಕೆ ಒಂದೇ ಮುಖ್ಯ ಅಲ್ಲ. ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಹೋಗಿ ಮುಟ್ಟಿದ್ದು ಒಂದೇ ಕಡೆ: ಮುಂಗಾಲಿ ಹೂಳಬಾರದು, ಮುಂದಿನ ಗಾಲಿಗೂ ಹಿಂದಿನ ಗಾಲಿಗೂ ದೂರ ಹೆಚ್ಚಿರಬೇಕು, ಭಾರ ಹಿಂಗಾಲಿಯ ಮೇಲೆ ಇರಬೇಕು. ಮಾವನ ಮಾತಿನಲ್ಲೂ ಹುರುಳಿದೆ. ಮೂರು ಗಾಲಿಯ ಗಾಡಿ ನೆಲದ ಮೇಲೆ ಮುಕ್ಕೋನವಾಗಿ ನಿಲ್ಲುತ್ತದೆ. ಕೂತವರ ಭಾರ ಮುಕ್ಕೋನದ ಹೊರಗೆ ವಾಲಿದರೆ ಮಗುಚುತ್ತದೆ, ಅದರಲ್ಲೂ ಮುಂದಿನ ಮೂಲೆಯಲ್ಲಿ ಮುಕ್ಕೋನ ಚೂಪು. ಟ್ರ್ಯಾಕ್ಟರ್ ಜಾಡಿನ ದಾರಿಯಲ್ಲಿ ಒಂದು ಹಿಂಗಾಲಿ ಕೊರಕಲಿಗೆ ಇಳಿದರೆ ಗಾಡಿ ಓರೆಯಾಗುವುದು ಖಂಡಿತ. ಹಾಗಾಗಿ ಹಿಂಗಾಲಿಗಳ ನಡುವೆ ಅಗಲ ಬೇಕು, ಆಸನ ತಗ್ಗಾಗಿ ಇರಬೇಕು.

ಎಲ್ಲ ಕೂಡಿಸಿ ನಾವು ಕಾಗದದ ಮೇಲೆ ಬರೆದುಕೊಂಡದ್ದು ಇಷ್ಟು. ಬೇರೆಯವರಿಗೂ ಉಪಯೋಗ ಆದೀತು ಅಂತ ಹಾಕುತ್ತಿದ್ದೇನೆ.

ಮೊದಲನೆಯದು ಗಾಲಿ ಅಲ್ಲ, ಆಸನ. ನಮ್ಮ ಹುಡುಗಿಗೆ ಸೊಂಟ, ಬೆನ್ನು ನೆಟ್ಟಗೆ ನಿಲ್ಲಿಸುವ ಆಸರೆ ಬೇಕು. ಫಿಸಿಯೋಥೆರಪಿಸ್ಟ್ ಅಳತೆ ತೆಗೆದು ಹೇಳಿದ ಮೇಲೆಯೇ ಉಳಿದ ಮಾತು. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಗಾಲಿಕುರ್ಚಿಗಳ ಬಗ್ಗೆ ಹೊರಡಿಸಿದ ಮಾರ್ಗಸೂಚಿಯೂ ಕುರ್ಚಿ ಕೂರುವವರ ಮೈಗೂ, ಅವರ ಊರಿನ ನೆಲಕ್ಕೂ ಹೊಂದಬೇಕು ಅನ್ನುತ್ತದೆ. ಓಡುವವರಿಗೆ ಅಂತ ಮಾಡಿದ ಬಹಳಷ್ಟು ಗಾಡಿಗಳು ಸಣ್ಣ ಮಕ್ಕಳ ಅಳತೆಯವು. ಎಷ್ಟು ಕಿಲೊ ತಡೆಯುತ್ತದೆ ಅಂತ ಬರೆದಿರುತ್ತಾರೆ, ಓದದೆ ಕೊಳ್ಳಬೇಡಿ. ಇವತ್ತು 17 ಕಿಲೊ ಇದ್ದವಳು ಹೀಗೇ ಇರುವುದಿಲ್ಲ.

ಎರಡನೆಯದು ಮುಂಗಾಲಿ. ಅದು ಸುತ್ತ ತಿರುಗುವಂತಿದ್ದರೆ ಪೇಟೆಯಲ್ಲಿ ಅನುಕೂಲ. ಹೆಂಟೆಯ ದಾರಿಯಲ್ಲಿ ಅದು ಅಡ್ಡ ತಿರುಗಿ ಗಾಡಿಯನ್ನು ತಟ್ಟನೆ ನಿಲ್ಲಿಸುತ್ತದೆ. ನೆಟ್ಟಗೆ ಬಿಗಿ ಮಾಡಲು ಕೀಲು ಇರಲೇಬೇಕು. ತಿರುಗಿಸಬೇಕಾದಾಗ ಹಿಡಿಕೆ ಒತ್ತಿ ಮುಂಗಾಲಿ ಎತ್ತಿದರೆ ಆಯಿತು.

ಮೂರನೆಯದು ಟೈರು. ಗಾಳಿ ಟೈರು ಮೈಗೆ ಮೆತ್ತಗೆ, ಆದರೆ ನಮ್ಮ ದಾರಿಯ ತುಂಬ ಜಾಲಿ ಮುಳ್ಳು. ಡನ್‌ಲಪ್ ಸಾಹೇಬರ ಬೆಲ್‌ಫಾಸ್ಟಿನಲ್ಲಿ ಜಾಲಿ ಇರಲಿಲ್ಲ! ಪಂಚರ್ ಆಗುವುದು ಖಾತ್ರಿ ಅಂತ ತಿಳಿದೇ ಕೊಳ್ಳಬೇಕು. ಅದಕ್ಕೆ ಮಕ್ಕಳ ಸೈಕಲ್ಲಿನ 12 ಅಥವಾ 16 ಇಂಚಿನ ಅಳತೆ ಇದ್ದರೆ ತಾಲೂಕಿನ ಸೈಕಲ್ ಅಂಗಡಿಯಲ್ಲೇ ಟ್ಯೂಬು ಸಿಗುತ್ತದೆ, ಪಂಚರ್ ಹಾಕುವವನೂ ಸಿಗುತ್ತಾನೆ. ಎಲ್ಲಿಯೂ ಸಿಗದ ಅಳತೆಯ ಚೆಂದದ ಟೈರು ಅಂದರೆ ಬಟ್ಟೆ ಒಣಹಾಕಲು ಇನ್ನೊಂದು ಕುರ್ಚಿ ಅಷ್ಟೇ.

ನಾಲ್ಕನೆಯದು ಸಂದು. ಗಾಲಿಗೂ ಅದರ ಕವಲಿಗೂ ನಡುವೆ ಕನಿಷ್ಠ ಎರಡು ಬೆರಳು ಜಾಗ ಬೇಕು. ಮಡ್‌ಗಾರ್ಡ್ ಇದ್ದರೆ ಬಿಚ್ಚಿ ಇಡುವುದೇ ಲೇಸು. ಎರೆ ಮಣ್ಣು ಮೊದಲು ತುಂಬುವುದೇ ಅಲ್ಲಿ.

ಐದನೆಯದು ಬ್ರೇಕು ಮತ್ತು ಪಟ್ಟಿ. ನಿಂತಾಗ ಕಾಲಲ್ಲಿ ಒತ್ತಿ ಬಿಗಿ ಮಾಡುವ ಬ್ರೇಕು, ಕೂತವಳಿಗೆ ಹೆಗಲು, ಸೊಂಟ ಎರಡನ್ನೂ ಹಿಡಿಯುವ ಪಟ್ಟಿ.

ಇಷ್ಟೂ ಹೊಂದುವುದು ಮೂರು ಗಾಲಿಯದರಲ್ಲೇ ಅಂತ ಕೊನೆಗೆ ಒಮ್ಮತವಾಗಿದೆ. ಮಾವ ಕೂಡ "ಅಗಲ ಇದ್ರ ಅಡ್ಡಿಯಿಲ್ಲ ತಗೋರಿ" ಅಂದಿದ್ದಾರೆ.

ಆದರೆ ತಂಗಿ ಕೇಳಿದ ಒಂದು ಪ್ರಶ್ನೆಗೆ ಯಾವ ಗಾಡಿಯಲ್ಲೂ ಉತ್ತರ ಸಿಗಲಿಲ್ಲ. "ಮಳಿಗಾಲದಾಗ?" ಹಸಿ ಎರೆಯಲ್ಲಿ ಮೂರು ಗಾಲಿಯೂ ನಿಲ್ಲುತ್ತದೆ, ಆರು ಗಾಲಿಯೂ ನಿಲ್ಲುತ್ತದೆ. ಎತ್ತು ಕಟ್ಟಿದ ಚಕ್ಕಡಿಯೇ ಹೂತುಕೊಳ್ಳುವಲ್ಲಿ ತಾಯಿಯೊಬ್ಬಳು ದೂಡುವ ಗಾಡಿ ಯಾವ ಲೆಕ್ಕ? ನಾವು ಮುಂಗಾಲಿಯ ಇಂಚು ಅಳೆಯುತ್ತಾ ಕೂತಿದ್ದೆವು, ಆಕೆ ದಾರಿ ಅಳೆಯುತ್ತಿದ್ದಳು. ಮುಕ್ಕಾಲು ಕಿಲೋಮೀಟರಿನಲ್ಲಿ ಕಾಂಕ್ರೀಟ್ ಆದದ್ದು ಅರ್ಧ. ಉಳಿದದ್ದು ಗರಸು ಕೂಡ ಕಾಣದ ಎರೆ. ಮಳೆ ಹಿಡಿದ ದಿನ ಅಲ್ಲಿ ಮತ್ತೆ ಬಗಲೇ ಗತಿ.

ನೂರೈವತ್ತು ವರ್ಷದ ಹಿಂದೆ ಈ ಸೀಮೆಯ ಹತ್ತಿ ಕಡಲು ಮುಟ್ಟಲಿ ಅಂತ ಘಟ್ಟ ಕಡಿದು ದಾರಿ ಮಾಡಿದರು. ಹತ್ತಿಗೆ ದಾರಿ ಕೇಳುವ ಗಿರಣಿಗಳಿದ್ದವು. ಏಳು ವರ್ಷದ ಹುಡುಗಿ ಸಾಲಿ ಮುಟ್ಟಲು ಬೇಕಾದದ್ದು ಘಟ್ಟವಲ್ಲ, ನಾನೂರು ಮೀಟರಿಗೂ ಕಡಿಮೆ ಗರಸು. ಗಾಡಿ ಕೊಳ್ಳುವುದು ನಮ್ಮ ಕೈಯಲ್ಲಿದೆ, ಕೊಳ್ಳುತ್ತೇವೆ. ಗರಸಿನ ಅರ್ಜಿ ಬರೆದಾಗಿದೆ, ಮುಂದಿನ ಗ್ರಾಮಸಭೆಗೆ ತಂಗಿಯೇ ಒಯ್ಯುತ್ತಾಳಂತೆ. ಕೊಡುವಾಗ ಮಗಳನ್ನೂ ಬಗಲಲ್ಲಿ ಎತ್ತಿಕೊಂಡು ಹೋಗುತ್ತೇನೆ ಅಂದಿದ್ದಾಳೆ, ಅರ್ಜಿಯ ಭಾರ ಎಲ್ಲರಿಗೂ ಕಾಣಲಿ ಅಂತ.

ಎರೆ ನೆಲದಲ್ಲಿ ಇಂಥ ಗಾಡಿ ದೂಡಿದ ಅನುಭವ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ದಯವಿಟ್ಟು ತಿಳಿಸಿ. ಟೈರಿನ ಅಳತೆ ಎಷ್ಟು, ಮುಳ್ಳಿಗೆ ಏನು ಉಪಾಯ ಮಾಡಿದಿರಿ, ಮಣ್ಣು ಹೇಗೆ ಕೆರೆದಿರಿ? ಕೂಸು ನಡೆಯಲು ಕಲಿಯುವ ಆ ಕಟ್ಟಿಗೆಯ ಮೂರು ಗಾಲಿಗೆ ನಿಮ್ಮ ಕಡೆ ಏನಂತಾರೆ ಅನ್ನುವುದನ್ನೂ ಜೊತೆಗೆ ಬರೆಯಿರಿ.